ಪಿಂಚಣಿಯ ಬಲದಲ್ಲಿ ತಿರುಗುವ ತಿಗರಿ

— ಮಣ್ಣಿನ ಕೆಲಸಕ್ಕೆ ಕೂತರೆ ಮನಸ್ಸಿಗೆ ನೆಮ್ಮದಿ ಎಂದು ಎಲ್ಲರೂ ಹೇಳುತ್ತಾರೆ, ಮೇಷ್ಟ್ರೇ. ನಿಮ್ಮ ಮುಖ ನೋಡಿದರೆ ಹಾಗೇನೂ ಕಾಣುವುದಿಲ್ಲವಲ್ಲ. ಹುಬ್ಬು ಗಂಟಿಕ್ಕಿದೆ, ಅಂಗಿ ಬೆವರಿನಲ್ಲಿ ತೊಯ್ದಿದೆ.

— ನೆಮ್ಮದಿಯೇ ಬೇಕಿದ್ದರೆ ಸಂಜೆ ಪಾರ್ಕಿಗೆ ಹೋಗಿ ಕೂರುತ್ತಿದ್ದೆ, ಮೇಡಂ. ನಾನು ಇಲ್ಲಿ ಕೂತಿರುವುದು ಗಡಿಗೆ ಮಾಡುವುದಕ್ಕೆ. ಅಕ್ಕಿ ಹಾಕಿ ಒಲೆಯ ಮೇಲಿಟ್ಟರೆ ಬಿರಿಯಬಾರದು, ನೀರು ತುಂಬಿಟ್ಟರೆ ತಣ್ಣಗಾಗಬೇಕು, ಆದರೆ ನೆಲವೆಲ್ಲ ಒದ್ದೆಯಾಗಬಾರದು. ಅಂಥದ್ದೊಂದು ಕೈಗೆ ಬಂದ ದಿನ ಹೊಟ್ಟೆ ತುಂಬ ಉಣ್ಣುತ್ತೇನೆ. ಬರದ ದಿನ ರಾತ್ರಿಯೆಲ್ಲ ಅದೇ ಯೋಚನೆ. ಎರಡೂ ನನಗೆ ಬೇಕು.

— ಇಷ್ಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತೆವು. ನೀವು ವಿಜ್ಞಾನದವರು, ನಾನು ಕನ್ನಡದವಳು. ನೀವು ಕುಂಬಾರರ ಮನೆಯವರು ಎಂಬುದು ಗೊತ್ತಿತ್ತು. ತಿಗರಿ ತಿರುಗಿಸಬಲ್ಲಿರಿ ಎಂಬುದನ್ನು ಮಾತ್ರ ಒಂದು ದಿನವೂ ಬಾಯಿ ಬಿಡಲಿಲ್ಲ.

— ಬಾಯಿ ಬಿಟ್ಟರೆ ಅಪ್ಪನ ಮಾತು ಮೀರಿದಂತಾಗುತ್ತಿತ್ತು. ನಮ್ಮದು ಚಿತ್ರದುರ್ಗದ ಸೀಮೆಯ ಹಳ್ಳಿ. ಮನೆಯ ಮುಂದಿನ ಚಪ್ಪರದಲ್ಲಿ ಅಪ್ಪನ ತಿಗರಿ. ನೆಲದಲ್ಲಿ ಹೂತ ಗೂಟದ ಮೊನೆಯ ಮೇಲೆ ಅದು ನಿಲ್ಲುತ್ತಿತ್ತು. ಕೋಲು ಸಿಕ್ಕಿಸಿ ಬೀಸಿ ಬಿಟ್ಟರೆ, ಆ ವೇಗ ಇಳಿಯುವುದರೊಳಗೆ ಮಣ್ಣು ಎದ್ದು ಕಂಠ ಮೂಡಬೇಕು. ಹೈಸ್ಕೂಲಿಗೆ ಬರುವ ಹೊತ್ತಿಗೆ ಕುಡಿಕೆ, ಮುಚ್ಚಳ, ಹಣತೆ ನನ್ನ ಕೈಗೆ ಹತ್ತಿದ್ದವು. ಪಿಯುಸಿಗೆ ಸೇರಿದ್ದೇ ತಡ, ಅಪ್ಪ ತಿಗರಿಯ ಹತ್ತಿರ ಸುಳಿಯಗೊಡಲಿಲ್ಲ. ಇದರ ರುಚಿ ಹತ್ತಿದರೆ ಪುಸ್ತಕ ಕೆಳಗಿಡುತ್ತೀಯ ಎನ್ನುತ್ತಿದ್ದ.

— ಮಗ ಓದಲಿ ಎಂಬ ಆಸೆ.

— ಆಸೆಗಿಂತ ಹೆಚ್ಚಾಗಿ ಲೆಕ್ಕ. ಅಜ್ಜನ ಕಾಲದಲ್ಲಿ ನಾಡಹಂಚಿನಿಂದಲೇ ಮನೆ ನಡೆಯುತ್ತಿತ್ತಂತೆ. ತಿಗರಿಯ ಮೇಲೆ ಉದ್ದನೆಯ ಕೊಳವೆ ಎಬ್ಬಿಸುವುದು, ಅರ್ಧ ಆರಿದ ಮೇಲೆ ಉದ್ದಕ್ಕೆ ಸೀಳುವುದು, ಒಂದಕ್ಕೆ ಎರಡು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಯಂತ್ರದ ಹಂಚು ಒತ್ತಲು ಶುರುಮಾಡಿದರು. ಅದು ಘಟ್ಟ ಹತ್ತಿ ನಮ್ಮ ಕಡೆಗೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು, ಬಂದ ಮೇಲೆ ನಾಡಹಂಚು ಕೇಳುವವರಿಲ್ಲ. ಆಮೇಲೆ ಅಲ್ಯೂಮಿನಿಯಂ ಬಂದು ಅನ್ನದ ಮಡಕೆ ಹೊರಬಿತ್ತು. ಪ್ಲಾಸ್ಟಿಕ್ ಕೊಡ ಬಂದು ನೀರಿನ ಗಡಿಗೆಯೂ ಹೋಯಿತು. ಉಳಿದದ್ದು ಮದುವೆಯ ಐರಾಣಿ, ದೀಪಾವಳಿಯ ಹಣತೆ, ಹೆಣದ ಮುಂದೆ ಹಿಡಿಯುವ ಗಡಿಗೆ. ಇಷ್ಟರಲ್ಲಿ ಮೂರು ಮಕ್ಕಳನ್ನು ಸಾಕುವುದು ಹೇಗೆ ಎಂದು ಅಪ್ಪ ಕೂತು ಲೆಕ್ಕ ಹಾಕಿದ್ದ.

— ಆಯ ಬರುತ್ತಿರಲಿಲ್ಲವೇ? ಹನ್ನೆರಡು ಆಯಗಾರರಲ್ಲಿ ಕುಂಬಾರನೂ ಒಬ್ಬ.

— ನಾನು ಸಣ್ಣವನಿದ್ದಾಗ ಬರುತ್ತಿತ್ತು. ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಲ್ಲಬೇಕು, ರೈತ ಮೊರದಲ್ಲಿ ಜೋಳ ಅಳೆದು ಹಾಕುತ್ತಾನೆ. ಅದಕ್ಕೆ ಬದಲು ವರ್ಷವಿಡೀ ಆ ಮನೆಗೆ ಬೇಕಾದ ಮಡಕೆ ನಮ್ಮದು. ನ್ಯಾಯವಾದ ಕೊಡುಕೊಳ್ಳುವಿಕೆಯೇ. ಆದರೆ ನಿಂತು ಕಾಯುತ್ತಿದ್ದವನು ಅಪ್ಪ, ಅಳೆಯುತ್ತಿದ್ದವನು ಇನ್ನೊಬ್ಬ. ಜೋಳಿಗೆ ಹಿಡಿದುಕೊಂಡು ಪಕ್ಕದಲ್ಲಿ ನಿಂತ ಹುಡುಗನ ಕಣ್ಣಿಗೆ ಬೀಳುವುದು ಅದೊಂದೇ. ಮಗ ಆ ಕಣದ ಅಂಚಿಗೆ ಹೋಗಬಾರದು ಎಂದು ಅಪ್ಪ ತೀರ್ಮಾನಿಸಿದ. ಅದರಿಂದಲೇ ನಾನು ಮೇಷ್ಟ್ರಾದೆ.

— ಆದರೆ ನಡುವೆ ಖಾನಾಪುರ ಇದೆಯಲ್ಲ. ನಿಮ್ಮ ಗೋಡೆಯ ಮೇಲಿನ ಆ ಗುಂಪು ಫೋಟೋ.

— ಬಿ.ಎಸ್‌ಸಿ. ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ತರಬೇತಿಗೆ ಅಲ್ಲಿ ಸೇರಿಕೊಂಡೆ. ಮಲಪ್ರಭೆಯ ದಂಡೆಯ ಊರು ಅದು, ಅಲ್ಲಿನ ಮಣ್ಣು ಮಡಕೆಗೂ ಹಂಚಿಗೂ ಹೆಸರಾದದ್ದು. ಚಿಮಣಿ ಇರುವ ಭಟ್ಟಿ ನೋಡಿದ್ದು, ಮೆರುಗು ಕೊಟ್ಟ ಪಾತ್ರೆಯನ್ನು ನನ್ನ ಕೈಯಿಂದಲೇ ಸುಟ್ಟದ್ದು ಅಲ್ಲಿ. ಅಪ್ಪ ಮಾಡು ಎಂದದ್ದನ್ನು ಯಾಕೆ ಮಾಡಬೇಕು ಎಂದು ತಿಳಿದದ್ದೂ ಅಲ್ಲಿಯೇ. ನೌಕರಿಯ ಆದೇಶ ಬಂತು, ಕೈ ತೊಳೆದುಕೊಂಡು ಹೊರಟೆ. ಅರವತ್ತಕ್ಕೆ ನಿವೃತ್ತಿಯಾದ ಮೇಲೆ ಮತ್ತೆ ಕೈ ಹಾಕಿದೆ.

— ಅಷ್ಟು ವರ್ಷದ ಮೇಲೂ ಕೈ ನೆನಪಿಟ್ಟುಕೊಂಡಿತ್ತೇ?

— ನೆನಪಿಟ್ಟುಕೊಂಡಿತ್ತು, ಆದರೆ ಕೈಯೇ ಬೇರೆಯಾಗಿತ್ತು. ಹೆಬ್ಬೆರಳ ಬುಡದ ಕೀಲು ಈಗ ನೋಯುತ್ತದೆ, ಮಣಿಕಟ್ಟು ಬೇಗ ಸೋಲುತ್ತದೆ. ಹುಡುಗನಿದ್ದಾಗ ತೋಳಿನ ಬಲದಿಂದ ಮಣ್ಣನ್ನು ಬಗ್ಗಿಸುತ್ತಿದ್ದೆ. ಈಗ ಮೊಣಕೈಯನ್ನು ತೊಡೆಗೆ ಊರಿ, ಮುಂದಕ್ಕೆ ಬಾಗಿ, ಮೈಯ ಭಾರವನ್ನೇ ಅಂಗೈಯ ಬುಡಕ್ಕೆ ಇಳಿಸುತ್ತೇನೆ. ಮಣ್ಣು ಅತ್ತಿತ್ತ ಹೊಯ್ದಾಡುತ್ತ ಕೈಯನ್ನು ನೂಕುತ್ತಿರುತ್ತದೆ. ಅದರ ಹಿಂದೆ ಹೋಗಬಾರದು. ಕೈ ಇದ್ದಲ್ಲೇ ಗಟ್ಟಿಯಾಗಿ ನಿಂತರೆ ಮಣ್ಣು ಸೋತು ನಡುವಿಗೆ ಬರುತ್ತದೆ. ಆಗ ತಿಗರಿ ತಿರುಗುತ್ತಿದ್ದರೂ ಬೆರಳಿಗೆ ಅಲುಗಾಟ ಗೊತ್ತಾಗುವುದಿಲ್ಲ. ಅಪ್ಪನಿಗೆ ಮುಪ್ಪಿನಲ್ಲೂ ಹೇಗೆ ಸಾಧ್ಯವಾಗುತ್ತಿತ್ತು ಎಂದು ಬೆರಗಾಗುತ್ತಿದ್ದೆ. ಅವನು ಬಲ ಹಾಕುತ್ತಲೇ ಇರಲಿಲ್ಲ.

— ಈ ಮಡಕೆಯನ್ನು ಎತ್ತಿಕೊಳ್ಳಲೇ? ಹಗುರವಿದೆ. ತಳ ಮಾತ್ರ ಯಾಕೆ ಹೀಗೆ ಗುಂಡಗೆ? ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೆ ಉರುಳಿ ಹೋಗುತ್ತದೆ.

— ಅದು ಕಟ್ಟೆಗೆ ಹುಟ್ಟಿದ ಮಡಕೆಯಲ್ಲ. ಮೂರು ಕಲ್ಲಿನ ಒಲೆಗೆ, ತಲೆಯ ಮೇಲಿನ ಸಿಂಬೆಗೆ ಹುಟ್ಟಿದ್ದು. ತಳ ಚಪ್ಪಟೆಯಾದರೆ ಗೋಡೆ ಸೇರುವ ಕಡೆ ಒಂದು ಮೂಲೆ ಬರುತ್ತದೆ. ಬೆಂಕಿ ತಾಗಿದಾಗ ತಳ ಹಿಗ್ಗಿದಷ್ಟು ಗೋಡೆ ಹಿಗ್ಗುವುದಿಲ್ಲ, ಎಳೆದಾಟವೆಲ್ಲ ಆ ಮೂಲೆಯ ಮೇಲೆ ಬೀಳುತ್ತದೆ, ಬಿರಿಯುವುದೂ ಅಲ್ಲೇ. ಗುಂಡು ತಳಕ್ಕೆ ಮೂಲೆಯೇ ಇಲ್ಲ. ಜೊತೆಗೆ, ಅಡುಗೆಯ ಮಡಕೆಯ ಮಣ್ಣಿಗೆ ಮರಳು ಹೆಚ್ಚು ಬೆರೆಸುತ್ತೇವೆ. ಎಲ್ಲಾದರೂ ಕೂದಲೆಳೆಯ ಬಿರುಕು ಎದ್ದರೂ ಅದು ಹೋಗಿ ಒಂದು ಮರಳಿನ ಕಾಳಿಗೆ ತಾಗಿ ನಿಲ್ಲುತ್ತದೆ. ಇದೆಲ್ಲ ನಾನು ಪುಸ್ತಕದಲ್ಲಿ ಓದಿ ಹೇಳುತ್ತಿರುವುದು. ಅಪ್ಪ ಹೇಳಿದ್ದು ಒಂದೇ ಮಾತು: ಒಲೆಯ ಮಡಕೆಗೆ ಮರಳು ಕೇಳುತ್ತದೆ, ಕೊಡು.

— ತಿಗರಿಯ ಮೇಲೆ ಗುಂಡು ತಳ ಬರುವುದಾದರೂ ಹೇಗೆ? ತಿಗರಿಯ ಮೇಲ್ಮೈ ಚಪ್ಪಟೆಯಲ್ಲವೇ?

— ಬರುವುದಿಲ್ಲ. ಅದಕ್ಕೇ ತಿಗರಿಯ ಕೆಲಸ ಅರ್ಧ ಕೆಲಸ. ಕಂಠ ಮತ್ತು ಬಾಯಿ ಅಲ್ಲಿ ಪೂರ್ತಿಯಾಗುತ್ತವೆ, ಹೊಟ್ಟೆಯನ್ನು ದಪ್ಪಗೆ ಬಿಟ್ಟು ದಾರದಿಂದ ಕತ್ತರಿಸಿ ಇಳಿಸುತ್ತೇವೆ. ನೆರಳಿನಲ್ಲಿ ಬಿಗಿಯಾದ ಮೇಲೆ ಒಳಗೆ ಎಡಗೈಯಲ್ಲಿ ಗುಂಡುಕಲ್ಲು, ಹೊರಗೆ ಬಲಗೈಯಲ್ಲಿ ಹಲಗೆ. ಅಂಟದ ಹಾಗೆ ಬೂದಿ ಉದುರಿಸಿಕೊಂಡು, ಮಡಕೆಯನ್ನು ಸುತ್ತಿಸುತ್ತ ಬಡಿಯಬೇಕು. ಒಂದೊಂದು ಪೆಟ್ಟಿಗೂ ಗೋಡೆ ತೆಳುವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಕೊನೆಗೆ ತಳ ಮುಚ್ಚಿಕೊಳ್ಳುತ್ತದೆ. ಹಲಗೆಯ ಪೆಟ್ಟು ಒಳಗಿನ ಕಲ್ಲು ಇದ್ದ ಜಾಗಕ್ಕೇ ಬೀಳಬೇಕು, ಆ ಕಲ್ಲು ಕಣ್ಣಿಗೆ ಕಾಣುವುದಿಲ್ಲ. ಕಿವಿಯೇ ಹೇಳಬೇಕು. ಕಲ್ಲಿನ ಮೇಲೆ ಬಿದ್ದ ಪೆಟ್ಟಿನ ಸದ್ದು ಬೇರೆ, ತಪ್ಪಿ ಬಿದ್ದದ್ದರ ಸದ್ದು ಬೇರೆ. ನನ್ನ ಬಾಲ್ಯದ ಬೆಳಗುಗಳೆಲ್ಲ ಆ ಸದ್ದಿನಲ್ಲೇ ಆದವು. ವಾರಾಂತ್ಯದ ತರಗತಿಗಳಲ್ಲಿ ತಿಗರಿಯನ್ನು ಕಲಿಸುತ್ತಾರೆ, ಒಳ್ಳೆಯದು. ಈ ಬಡಿತವನ್ನು ಕಲಿಸುವವರನ್ನು ನಾನು ಕಂಡಿಲ್ಲ. ಇನ್ನೊಂದು ತಲೆಮಾರಿಗೆ ಉಳಿಯದೆ ಹೋಗಬಹುದಾದದ್ದು ಇದು. ನಾನು ಇಷ್ಟು ಹಟ ಹಿಡಿದು ಕೂತಿರುವುದಕ್ಕೆ ಇದೂ ಒಂದು ಕಾರಣ.

— ನೀವು ಹೀಗೆ ಹೇಳುವಾಗ ನನಗೆ ಹರಿಹರನ ಕುಂಬಾರ ಗುಂಡಯ್ಯ ನೆನಪಾಗುತ್ತಿದ್ದಾನೆ. ಅವನು ಮಡಕೆ ಬಡಿಯುತ್ತ ಕುಣಿಯುತ್ತಾನೆ, ಆ ತಾಳಕ್ಕೆ ಮನಸೋತ ಶಿವನೂ ಬಂದು ಕುಣಿಯುತ್ತಾನೆ. ವರ್ಷ ವರ್ಷವೂ ಅದನ್ನು ಭಕ್ತಿಯ ಪರಾಕಾಷ್ಠೆ ಎಂದು ಪಾಠ ಮಾಡಿದೆ. ಮಡಕೆಯನ್ನು ಯಾಕೆ ಬಡಿಯುತ್ತಾರೆ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಕೇಳಿಕೊಳ್ಳಬೇಕು ಎನ್ನಿಸಲಿಲ್ಲ.

— ಗುಂಡಯ್ಯ ಕುಣಿದದ್ದು ನಿಜವೋ ಕಥೆಯೋ ನನಗೆ ಗೊತ್ತಿಲ್ಲ. ಬಡಿದದ್ದಂತೂ ನಿಜವೇ ಇರಬೇಕು, ಬಡಿಯದೆ ಕುಂಬಾರನಿಗೆ ದಿನ ಹೋಗುವುದಿಲ್ಲ. ಸುಟ್ಟ ಮೇಲೂ ತಟ್ಟುತ್ತೇವೆ. ತಗೊಳ್ಳಿ, ಬೆರಳ ಗೆಣ್ಣಿನಿಂದ ಇದನ್ನು ತಟ್ಟಿ.

— ಠಣ್ ಎನ್ನುತ್ತದೆ.

— ಈಗ ಇದನ್ನು.

— ಮಂಕು ಸದ್ದು. ಹೊರಗೆ ನೋಡಿದರೆ ಎರಡೂ ಒಂದೇ ಥರ ಇವೆಯಲ್ಲ.

— ಎರಡನೆಯದರ ಕಂಠದ ಕೆಳಗೆ ಒಂದು ಬಿರುಕಿದೆ, ಕಣ್ಣಿಗೆ ಕಾಣದು. ಸಂತೆಗೆ ಬಂದ ಅಜ್ಜಿಯರು ಹೀಗೆ ತಟ್ಟಿ ನೋಡಿಯೇ ಕೊಳ್ಳುತ್ತಿದ್ದರು. ಅವರ ಮುಂದೆ ಅಪ್ಪನ ಬಾಯಿಮಾತು ನಡೆಯುತ್ತಿರಲಿಲ್ಲ.

— ಬಿರುಕು ಬಿಟ್ಟದ್ದು ಸುಡುವಾಗಲೋ?

— ಸುಟ್ಟು ಆರುವಾಗ. ಸುಡುವ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಓದು ಮತ್ತು ಅಪ್ಪನ ಅನುಭವ ನೇರವಾಗಿ ಎದುರುಬದುರಾದದ್ದು ಅಲ್ಲಿಯೇ. ಹಸಿ ಮಡಕೆ ಕೈಗೆ ಒಣಗಿದಂತೆ ಕಂಡರೂ ಒಳಗೆ ನೀರಿರುತ್ತದೆ. ನೀರು ಆವಿಯಾದರೆ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚು. ಹೊರಗೆ ಹೋಗಲು ಹೊತ್ತು ಕೊಡದೆ ಉರಿ ಏರಿಸಿದರೆ ಮಡಕೆ ಸಿಡಿದು ಚೂರಾಗುತ್ತದೆ. ಅಪ್ಪನ ಆವಿಗೆಯಲ್ಲಿ ಮಾಪಕವಿರಲಿಲ್ಲ. ಹೊಗೆ ಬೆಳ್ಳಗಿರುವ ತನಕ ಬೆರಣಿ ಸೇರಿಸಬೇಡ ಎನ್ನುತ್ತಿದ್ದ. ಆ ಬಿಳುಪು ನೀರಿನ ಆವಿ ಎಂದು ನಾನು ಎಷ್ಟೋ ವರ್ಷದ ಮೇಲೆ ತಿಳಿದೆ. ಅಲ್ಲಿಗೇ ಮುಗಿಯುವುದಿಲ್ಲ. ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಕಟ್ಟಿಕೊಂಡ ನೀರು ಬೇರೆ ಇದೆ, ಅದು ಬಿಟ್ಟುಹೋಗುವುದು ಸುಮಾರು 450ರಿಂದ 600 ಡಿಗ್ರಿಯ ನಡುವೆ. ಅದು ಹೋದ ಮೇಲೆ ಹಿಂದಕ್ಕೆ ದಾರಿಯಿಲ್ಲ. ಅದಕ್ಕೂ ಮುಂಚೆ ಯಾವ ಹಸಿ ಮಡಕೆಯನ್ನಾದರೂ ನೀರಿನಲ್ಲಿ ನೆನೆಸಿದರೆ ಮತ್ತೆ ಕೆಸರು, ಮತ್ತೆ ಮೊದಲಿನಿಂದ ಶುರುಮಾಡಬಹುದು. ಆಮೇಲೆ ಒಡೆದರೆ ಬೋಕಿಯಷ್ಟೇ.

— ಮತ್ತೆ ಆರುವಾಗ?

— ಮರಳಿನಲ್ಲಿರುವ ಸ್ಫಟಿಕಶಿಲೆ 573 ಡಿಗ್ರಿಯಲ್ಲಿ ಒಳರಚನೆ ಬದಲಿಸುತ್ತದೆ. ಏರುವಾಗ ತಟ್ಟನೆ ಹಿಗ್ಗುತ್ತದೆ, ಇಳಿಯುವಾಗ ತಟ್ಟನೆ ಕುಗ್ಗುತ್ತದೆ. ಆ ಹೊತ್ತಿನಲ್ಲಿ ಒಂದು ಕಡೆ ತಣ್ಣನೆಯ ಗಾಳಿ ಹೊಡೆದರೆ ಮಡಕೆಯ ಒಂದು ಮಗ್ಗುಲು ಮುಂದೆ, ಇನ್ನೊಂದು ಹಿಂದೆ. ನಿಮಗೆ ಮಂಕಾಗಿ ಕೇಳಿಸಿತಲ್ಲ, ಅದು ಹುಟ್ಟುವುದು ಹೀಗೆ. ನನ್ನದು ಈಗ ಸಣ್ಣ ವಿದ್ಯುತ್ ಭಟ್ಟಿ, ಸುಡುವುದು 950 ಡಿಗ್ರಿಯ ಆಸುಪಾಸು, ಗೋಡೆಯ ಮೇಲೆ ಅಂಕಿ ಕಾಣುತ್ತದೆ. ಆದರೂ ಒಳಗೆ ಒಂದು ಶಂಕು ಇಟ್ಟೇ ಇಡುತ್ತೇನೆ. ಬರ್ಲಿನ್ನಿನ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ ಉಪಾಯ ಅದು: ತಕ್ಕಷ್ಟು ಕಾವು, ತಕ್ಕಷ್ಟು ಹೊತ್ತು ಎರಡೂ ಸಿಕ್ಕಾಗ ಶಂಕು ಬಾಗುತ್ತದೆ. ಅಂಕಿ ಕಾವನ್ನಷ್ಟೇ ಹೇಳುತ್ತದೆ. ಮಣ್ಣಿಗೆ ಎಷ್ಟು ತಾಗಿತು ಎಂಬುದನ್ನು ಮಣ್ಣಿನದೇ ಜಾತಿಯ ಶಂಕು ಹೇಳುತ್ತದೆ. ಅಪ್ಪ ಆವಿಗೆಯ ಕಿಂಡಿಯಲ್ಲಿ ಇಣುಕಿ, ಮಂಕು ಕೆಂಪು ಹೋಗಿ ಹಣ್ಣುಕೆಂಪು ಬರುವುದನ್ನು ಕಾಯುತ್ತಿದ್ದ. ಬಂದ ಮೇಲೆ ಬೂದಿ ಮುಚ್ಚಿ ಎರಡು ರಾತ್ರಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ತರಗತಿಯಲ್ಲಿ ಮಕ್ಕಳಿಗೆ ಉಷ್ಣದ ಪಾಠ ಮಾಡಿದ್ದೇನೆ. ಅಪ್ಪನಷ್ಟು ಚೆನ್ನಾಗಿ ಉಷ್ಣ ತಿಳಿದವರನ್ನು ಕಾಲೇಜಿನಲ್ಲೂ ಕಾಣಲಿಲ್ಲ.

— ಪುದುಚೇರಿಗೆ ಹೋಗಿಬಂದಿರಲ್ಲ, ಅಲ್ಲಿನವರು ಇನ್ನೂ ಹೆಚ್ಚಿನ ಕಾವಿನಲ್ಲಿ ಸುಡುತ್ತಾರೆ ಎಂದಿರಿ.

— ಹೌದು, ಗೋಲ್ಡನ್ ಬ್ರಿಜ್ ಪಾಟರಿ. ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಕಟ್ಟಿದ್ದು. ಈ ದೇಶದ ಸ್ಟುಡಿಯೋ ಕುಂಬಾರರಲ್ಲಿ ಅನೇಕರು ಅಲ್ಲಿ ಪಳಗಿದವರು. ಅವರದು ಸ್ಟೋನ್‌ವೇರ್, 1,200 ಡಿಗ್ರಿ ದಾಟಿದ ಲೋಕ. ಪಾತ್ರೆ ಕಲ್ಲಾಗಿ ಬರುತ್ತದೆ, ನೀರು ಜಿನುಗುವ ಮಾತೇ ಇಲ್ಲ. ಅದಕ್ಕೆ ನನ್ನ ಗೌರವವಿದೆ. ಆದರೆ ನಮ್ಮ ಕೆರೆಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅಷ್ಟು ಕಾವಿಗೆ ಅದು ಉಬ್ಬಿ ಕುಸಿಯುತ್ತದೆ. ಆ ಕೆಲಸಕ್ಕೆ ಬೇರೆ ಕಡೆಯ ಮಣ್ಣನ್ನು ಚೀಲದಲ್ಲಿ ತರಿಸಬೇಕು. ನನಗೆ ಈ ಕೆಂಪು ಮಣ್ಣೇ ಸಾಕು.

— ಬ್ರಹ್ಮಗಿರಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿದ್ದೆವಲ್ಲ, ಅಶೋಕನ ಶಾಸನ ತೋರಿಸಲು. ಆ ದಿನ ನೀವು ಶಾಸನ ಬಿಟ್ಟು ಹೊಲದಲ್ಲಿ ಬೋಕಿ ನೋಡುತ್ತ ಬಗ್ಗಿಕೊಂಡೇ ಇದ್ದಿರಿ.

— ಅಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದರು. ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕ ಮಡಕೆಗಳ ಒಳಗೂ ಬಾಯಿಯ ಸುತ್ತಲೂ ಕಪ್ಪು, ಹೊರಗಿನ ಕೆಳಭಾಗ ಕೆಂಪು. ಎರಡು ಬಣ್ಣ ಬಳಿದದ್ದಲ್ಲ ಅದು. ಒಂದೇ ಮಣ್ಣು. ಮಡಕೆಯನ್ನು ಬೋರಲು ಹಾಕಿ ಬಾಯಿಯನ್ನು ಹೊಟ್ಟಿನಲ್ಲೋ ಬೂದಿಯಲ್ಲೋ ಹೂತರೆ ಒಳಗೆ ಗಾಳಿ ಆಡುವುದಿಲ್ಲ, ಹೊಗೆಯ ಇಂಗಾಲ ಒಳಗೋಡೆಗೆ ಇಳಿದು ಕಪ್ಪಾಗುತ್ತದೆ. ಹೊರಗೆ ಗಾಳಿ ಬೇಕಾದಷ್ಟು, ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಕಪ್ಪೂ ಕೆಂಪೂ ಸೇರುವ ಗೆರೆ ಮಾತ್ರ ಮಾಡಿದವನ ಮಾತು ಕೇಳುವುದಿಲ್ಲ, ಉರಿ ಹೋದಂತೆ ಹೋಗುತ್ತದೆ. ನಾನು ಹಿತ್ತಲಲ್ಲಿ ಭತ್ತದ ಹೊಟ್ಟು ತುಂಬಿದ ಕುಣಿ ಮಾಡಿಕೊಂಡು ಅದನ್ನು ಸುಡುತ್ತಿದ್ದೇನೆ. ಕಪ್ಪು ಬರುತ್ತಿದೆ. ಆ ಕಾಲದ ಕುಂಬಾರರು ತಂದಿದ್ದ ಹೊಳಪು ಇನ್ನೂ ಬಂದಿಲ್ಲ, ಹಸಿಯಿದ್ದಾಗಲೇ ನುಣುಪು ಕಲ್ಲಿನಿಂದ ಇನ್ನಷ್ಟು ಉಜ್ಜಬೇಕು.

— ನಿಮ್ಮ ಮನೆಯಲ್ಲಿ ಮಡಕೆಯನ್ನು ಯಾರು ಉಜ್ಜುತ್ತಿದ್ದರು? ನಿಮ್ಮ ಅಮ್ಮ?

— ಅಮ್ಮನೇ. ಕೆರೆಯಿಂದ ಮಣ್ಣು ಹೊತ್ತು ತರುತ್ತಿದ್ದಳು, ಹೆಂಟೆ ಒಡೆದು ಕಲ್ಲು ಬೇರು ಆರಿಸುತ್ತಿದ್ದಳು, ತುಳಿಯುತ್ತಿದ್ದಳು. ಕೆಮ್ಮಣ್ಣಿನ ನೀರು ಬಳಿದು ಉಜ್ಜುತ್ತಿದ್ದಳು. ಬುಟ್ಟಿಯಲ್ಲಿ ಹುಲ್ಲು ಹಾಸಿ ಹೊತ್ತುಕೊಂಡು ಸಂತೆಗೆ ಹೋಗಿ ಮಾರುತ್ತಿದ್ದಳು. ತಿಗರಿಯ ಮುಂದೆ ಮಾತ್ರ ಒಂದು ದಿನವೂ ಕೂರಲಿಲ್ಲ. ಹೆಂಗಸರು ತಿಗರಿ ಮುಟ್ಟಬಾರದೆಂಬ ಕಟ್ಟಳೆ.

— ಸರ್ವಜ್ಞನ ತಾಯಿ ಮಾಳಿ ಕುಂಬಾರರ ಹೆಣ್ಣು ಎಂದು ಪರಂಪರೆ ಹೇಳುತ್ತದೆ. ಅವಳಿಗೂ ಇದೇ ಕಟ್ಟಳೆ ಇದ್ದಿರಬೇಕು.

— ದೇಶದ ಎಷ್ಟೋ ಕಡೆ ಕುಂಬಾರರಲ್ಲಿ ಇದೇ ಇತ್ತು. ಎಲ್ಲ ಕಡೆ ಅಲ್ಲ. ಮಣಿಪುರದ ಆಂಡ್ರೋ, ಥೊಂಗ್ಜಾವೊ ಹಳ್ಳಿಗಳಲ್ಲಿ ಮಡಕೆ ಹೆಂಗಸರದೇ ಕೆಲಸ. ಅಲ್ಲಿ ತಿಗರಿಯೇ ಇಲ್ಲ, ಮಡಕೆ ನಿಂತಿರುತ್ತದೆ, ಮಾಡುವವಳೇ ಅದರ ಸುತ್ತ ನಡೆಯುತ್ತಾಳೆ. ಥೊಂಗ್ಜಾವೊದ ನೀಲಮಣಿ ದೇವಿಗೆ 2007ರಲ್ಲಿ ಪದ್ಮಶ್ರೀ ಬಂತು. ಆ ಸುದ್ದಿ ಓದಿದ ದಿನ ಅಮ್ಮನ ಕೈ ನೆನಪಾಯಿತು. ಇಡೀ ಮಡಕೆ ಅವಳಿಗೆ ಗೊತ್ತಿತ್ತು. ಮಣ್ಣು ಹದವಾಗಿದೆಯೋ ಇಲ್ಲವೋ ಎಂದು ಅಪ್ಪ ಕೇಳುತ್ತಿದ್ದದ್ದು ಅವಳನ್ನೇ. ಊರವರು ಕುಂಬಾರ ಎಂದು ಕರೆಯುತ್ತಿದ್ದದ್ದು ಮಾತ್ರ ಅವನನ್ನು.

— ಆ ಕಪಾಟಿನ ಮೇಲಿರುವ ಹಳೆಯ ಕುಡಿಕೆ ಅಪ್ಪನದ್ದೇ?

— ಅಪ್ಪನದ್ದೇ. ಅವನ ಕೈಯದು ಉಳಿದಿರುವುದು ಅದೊಂದೇ. ಮಿಕ್ಕವೆಲ್ಲ ಬಳಸಿ ಒಡೆದವು. ಒಡೆಯಲೆಂದೇ ಮಾಡಿದವು.

— ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಗಿನಿಂದ ಅಪ್ಪ ಮಾಡಿದ್ದು ಅನ್ನಕ್ಕೆ, ನಾನು ಮಾಡುವುದು ಇಷ್ಟಕ್ಕೆ ಎನ್ನುವ ಅರ್ಥದಲ್ಲೇ ಮಾತಾಡುತ್ತಿದ್ದೀರಿ. ಈ ಕುಡಿಕೆಯ ಕಂಠದ ಸುತ್ತ ನೋಡಿ. ಒಂದು ಗೆರೆ, ಅದರ ಕೆಳಗೆ ಇನ್ನೆರಡು ಸಣ್ಣ ಗೆರೆ, ಅವುಗಳ ನಡುವೆ ಉಗುರಿನಿಂದ ಒತ್ತಿದ ಅರ್ಧಚಂದ್ರಗಳ ಸಾಲು. ಇದಕ್ಕೆ ಯಾರಾದರೂ ಒಂದು ಕಾಸು ಹೆಚ್ಚು ಕೊಡುತ್ತಿದ್ದರೇ?

— ಇಲ್ಲ. ಮೊದಲ ಗೆರೆಗೆ ಕಾರಣವಿದೆ. ತಿಗರಿಯಲ್ಲಿ ಎದ್ದ ಕಂಠವೂ ಹಲಗೆಯಲ್ಲಿ ಬಡಿದ ಹೊಟ್ಟೆಯೂ ಸೇರುವ ಜಾಗ ಅಲ್ಲಿದೆ, ಅದನ್ನು ಮರೆಮಾಡಲು ಗೆರೆ ಎಳೆಯುತ್ತೇವೆ.

— ಉಳಿದ ಎರಡಕ್ಕೆ? ಅರ್ಧಚಂದ್ರಕ್ಕೆ?

— ಅದಕ್ಕೆ ಕಾರಣ ಇಲ್ಲ, ಮೇಡಂ.

— ದಿನವೆಲ್ಲ ಬಡಿದು, ರಾತ್ರಿಗೆ ಜೋಳ ಇದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ, ಒಲೆಗೆ ಏರಿದರೆ ಮಸಿ ಹಿಡಿದು ಕಾಣದೆಯೇ ಹೋಗುವ ಮಡಕೆಗೆ ಅಷ್ಟು ಅಂದವಾಗಿ ಉಗುರು ಒತ್ತಿದವರಿಗೆ ಇದು ಬರೀ ಅನ್ನದ ದಾರಿ ಆಗಿತ್ತು ಎಂದು ನಾನು ಒಪ್ಪುವುದಿಲ್ಲ. ನಿಮ್ಮನ್ನು ತಿಗರಿಯಿಂದ ದೂರ ಇಟ್ಟರಲ್ಲ, ರುಚಿ ಹತ್ತುತ್ತದೆ ಎಂದರಲ್ಲ. ತನಗೆ ಹತ್ತಿದ್ದರಿಂದ ತಾನೇ ಅವರಿಗೆ ಗೊತ್ತಿದ್ದದ್ದು?

— ... ಅದು ಹೌದು. ಅಪ್ಪನಿಗೆ ಹತ್ತಿತ್ತು. ಮಳೆಗಾಲದಲ್ಲಿ ಮಡಕೆ ಆರದೆ ಕೆಲಸ ನಿಂತ ದಿನಗಳಲ್ಲಿ ಮನೆಯಲ್ಲಿ ಕೂರಲಾಗದೆ ಸಿಡಿಮಿಡಿಗೊಳ್ಳುತ್ತಿದ್ದ. ಕೆಲಸ ಇಲ್ಲದ್ದಕ್ಕೆ ಎಂದುಕೊಂಡಿದ್ದೆವು. ಬರೀ ದುಡ್ಡಿನ ಚಿಂತೆಯಾಗಿರಲಿಲ್ಲ ಅದು. ಅವನಿಗೆ ಇಲ್ಲದ್ದು ಪ್ರೀತಿಯಲ್ಲ, ಪುರುಸೊತ್ತು. ಕಪ್ಪು ಕೆಂಪು ಹೇಗೆ ಬರುತ್ತದೆ ನೋಡೋಣ ಎಂದು ಒಂದು ಆವಿಗೆಯನ್ನು ಪಣಕ್ಕಿಡುವಂತಿರಲಿಲ್ಲ. ಒಂದು ಆವಿಗೆ ಹಾಳಾದರೆ ಆ ತಿಂಗಳು ಸಾಲ. ನನ್ನ ಆವಿಗೆ ಹಾಳಾದರೆ ಮತ್ತೊಂದು ತುಂಬುತ್ತೇನೆ, ಪಿಂಚಣಿ ತಿಂಗಳ ಮೊದಲಿಗೆ ಬ್ಯಾಂಕಿಗೆ ಬಂದು ಬಿದ್ದಿರುತ್ತದೆ. ಹಾಗಾಗಿ ನನಗೊಂದು ಜವಾಬ್ದಾರಿ ಇದೆ ಎಂದುಕೊಂಡಿದ್ದೇನೆ. ಅಪ್ಪನಿಗೆ ಹಾಳು ಮಾಡಿ ನೋಡಲಾಗದೆ ಉಳಿದದ್ದನ್ನೆಲ್ಲ ನಾನು ಹಾಳು ಮಾಡಿ ನೋಡಬೇಕು.

— ಇವನ್ನೆಲ್ಲ ಮಾರುತ್ತೀರಾ? ನಮ್ಮ ಬಡಾವಣೆಯಲ್ಲಿ ಮಣ್ಣಿನ ಪಾತ್ರೆಗೆ ಈಗ ಮತ್ತೆ ಗಿರಾಕಿ ಇದೆ. ಹಣತೆ ಮಾಡಿಕೊಡಿ ಎಂದು ಕೇಳಿದವರಿಗೆ ಇಲ್ಲ ಎಂದಿರಂತೆ.

— ಹಣತೆ ಮಾಡುವುದಿಲ್ಲ. ಮಾರ್ಕೆಟ್ಟಿನ ಮುಂದೆ ದೀಪಾವಳಿಗೆ ಕುಂಬಾರರ ಕುಟುಂಬಗಳು ಗೋಣಿತಾಟು ಹಾಸಿ ಕೂರುತ್ತವೆ, ಅವರ ವರ್ಷದ ದೊಡ್ಡ ವ್ಯಾಪಾರ ಅದು. ಪಿಂಚಣಿ ತಿನ್ನುವವನು ಹೊತ್ತು ಹೋಗಲಿ ಎಂದು ಹಣತೆ ಮಾಡಿ ಪುಕ್ಕಟೆ ಹಂಚಿದರೆ ಅವರ ತಟ್ಟೆಗೆ ಕೈ ಹಾಕಿದಂತೆ. ಮಡಕೆಯನ್ನೂ ಅಗ್ಗಕ್ಕೆ ಕೊಡುವುದಿಲ್ಲ. ಕೇಳಿದವರಿಗೆ ಆ ಕುಂಬಾರರ ದರಕ್ಕಿಂತ ಹೆಚ್ಚು ಹೇಳುತ್ತೇನೆ, ಅಷ್ಟು ಬೇಡ ಎಂದವರಿಗೆ ಆ ಕುಟುಂಬಗಳ ದಾರಿ ತೋರಿಸುತ್ತೇನೆ. ನಿವೃತ್ತರಾಗಿ ಈ ಕೆಲಸಕ್ಕೆ ಇಳಿದವರೆಲ್ಲ ಇಷ್ಟನ್ನು ಪಾಲಿಸಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

— ಅವರ ಕಷ್ಟಕ್ಕೆ ಸರ್ಕಾರದವರು ವಿದ್ಯುತ್ ತಿಗರಿ ಕೊಟ್ಟರಲ್ಲ.

— ಖಾದಿ ಆಯೋಗದ ಕುಂಬಾರ ಸಶಕ್ತೀಕರಣ ಯೋಜನೆ, 2018ರಲ್ಲಿ ಶುರುವಾದದ್ದು. ಒಳ್ಳೆಯ ಕೆಲಸ, ಬೆನ್ನು ಉಳಿಯಿತು. ಆದರೆ ತಿಗರಿ ಬಂದರಾಯಿತೇ, ಮಣ್ಣು ಬೇಡವೇ? ಕೆರೆಯಂಗಳದ ಮೇಲ್ಪದರದ ಗೋಡನ್ನು ಹೊಲಕ್ಕೆ ಒಯ್ಯುತ್ತಾರೆ, ಕೆಳಗಿನ ಜಿಗುಟು ಮಣ್ಣನ್ನು ಇಟ್ಟಿಗೆ ಗೂಡಿನವರು ಲಾರಿಗಟ್ಟಲೆ ತೆಗೆಯುತ್ತಾರೆ. ಕುಂಬಾರನಿಗೆ ಬೇಕಾದದ್ದು ವರ್ಷಕ್ಕೆ ನಾಲ್ಕೈದು ಗಾಡಿ ಮಾತ್ರ, ಅದಕ್ಕೆ ಅವನು ಕೈಮುಗಿದು ಅಲೆಯಬೇಕು. ಕೆರೆಯ ಒಂದು ಮೂಲೆಯನ್ನು ಕುಂಬಾರರಿಗೆಂದು ಬಿಟ್ಟುಕೊಡುವುದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ. ನಾನು ನನ್ನ ಮಣ್ಣನ್ನು ಅಂಥ ಒಂದು ಮನೆಯವರಿಂದಲೇ ಕೊಳ್ಳುತ್ತೇನೆ. ಯಾವ ಮಣ್ಣಿಗೆ ಎಷ್ಟು ಮರಳು ಸೇರಿದರೆ ಒಲೆಯಲ್ಲಿ ತಡೆಯುತ್ತದೆ ಎಂದು ಇಲ್ಲಿ ಸುಟ್ಟು ನೋಡಿ ಅವರಿಗೆ ಹೇಳುತ್ತೇನೆ. ಆ ಮನೆಯ ಹುಡುಗ ಬಡಿತವನ್ನು ನನಗಿಂತ ಚೆನ್ನಾಗಿ ಮಾಡುತ್ತಾನೆ. ಅವನು ಕಾಲೇಜು ಬಿಡಬಾರದು ಎಂದು ಅವನ ಅಪ್ಪನಿಗೆ ಹೇಳಿದ್ದೇನೆ. ತಿಗರಿಯನ್ನೂ ಬಿಡಬಾರದು ಎಂದು ಹುಡುಗನಿಗೆ ಹೇಳಿದ್ದೇನೆ.

— ನನಗೂ ಕಲಿಸಿ, ಮೇಷ್ಟ್ರೇ. ತಮಾಷೆಗಲ್ಲ.

— ತಿಗರಿಯ ಮುಂದೆ ನೀವು ಕೂರಬೇಕು ಎಂದು ನಾನೇ ಕೇಳಬೇಕೆಂದಿದ್ದೆ. ಆದರೆ ಮೊದಲು ತಿಗರಿಯಲ್ಲ, ಕಲಸುವುದು. ಚಪಾತಿ ಹಿಟ್ಟು ನಾದಿದ ಹಾಗೆ ಒಳಕ್ಕೆ ಮಡಚಿದರೆ ಗಾಳಿ ಸೇರಿಕೊಳ್ಳುತ್ತದೆ, ಇಲ್ಲಿ ಗಾಳಿಯನ್ನು ಹೊರಗೆ ಹಾಕಬೇಕು. ಮುಂದಕ್ಕೆ ಒತ್ತಿ, ಎಬ್ಬಿಸಿ, ಮತ್ತೆ ಒತ್ತುತ್ತ ಹೋಗಬೇಕು. ತಂತಿಯಿಂದ ಅಡ್ಡ ಕತ್ತರಿಸಿ ನೋಡಿದಾಗ ಒಂದು ತೂತೂ ಕಾಣಬಾರದು.

— ನನಗೆ ಮಂಡಿನೋವು, ಧೂಳು ಆಗುವುದಿಲ್ಲ.

— ಮಂಡಿಗೆ ಎತ್ತರದ ಸ್ಟೂಲು ಹಾಕಿಸೋಣ, ತಿಗರಿಯನ್ನೂ ಇಟ್ಟಿಗೆಯ ಮೇಲೆ ಏರಿಸೋಣ. ಧೂಳಿನ ವಿಚಾರದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಣ ಮಣ್ಣಿನ ನಯವಾದ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಈ ಶೆಡ್ಡಿನಲ್ಲಿ ಪೊರಕೆ ಇಲ್ಲ, ನೋಡಿ. ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಸೀಸ ಬೆರೆತ ಮೆರುಗನ್ನೂ ಒಳಗೆ ತರುವುದಿಲ್ಲ. ಅಂಥ ಜಾಡಿಯಲ್ಲಿ ಉಪ್ಪಿನಕಾಯಿ ಹಾಕಿದರೆ ಹುಳಿ ಸೀಸವನ್ನು ಎಳೆದುಕೊಳ್ಳುತ್ತದೆ.

— ಹಾಗಾದರೆ ನಾಳೆ ಬರಲೇ?

— ನಾಳೆ ಇಲ್ಲಿಗಲ್ಲ, ನೇರ ಕೆರೆಗೇ. ಮಳೆ ಶುರುವಾಗುವ ಮುಂಚೆ ವರ್ಷದ ಮಣ್ಣು ತಂದಿಟ್ಟುಕೊಳ್ಳಬೇಕು, ಆ ಮನೆಯವರೂ ಬರುತ್ತಾರೆ. ಯಾವ ಪದರದ್ದು ಮಡಕೆಯ ಮಣ್ಣು, ಯಾವುದು ಅಲ್ಲ ಎಂದು ಕೈಯಲ್ಲಿ ಹಿಡಿದು ಹೊಸೆದು ತೋರಿಸುತ್ತೇನೆ. ಬೆರಳಿಗೆ ಸುತ್ತಿದಾಗ ಸೀಳಿದರೆ ಬೇಡ, ಸೀಳದೆ ಬಾಗಿದರೆ ಬುಟ್ಟಿಗೆ ಹಾಕಿ. ಆರು ಗಂಟೆಗೆ ಹೊರಡೋಣ, ಬಿಸಿಲೇರುವ ಮುಂಚೆ ಬಂದುಬಿಡಬೇಕು. ಬುಟ್ಟಿ, ಗುದ್ದಲಿ ನನ್ನ ಹತ್ತಿರ ಇವೆ.